ಕಪಾಟಿಗೊಂದು ಹೊಸ್ತಿಲು

ಬಾಗಿಲು ಒಂದು ಬೆರಳಿಗೆ ಸರಿಯಬೇಕು. ಮುಂಡರಗಿಯ ಆ ಮನೆಯಲ್ಲಿ ಬಡಿಗನಾದ ನನಗೆ ಹಾಕಿದ ಷರತ್ತು ಅದೊಂದೇ. ಹಾಕಿದವರು ಅಕ್ಕೋರು, ನಮ್ಮ ಕಡೆ ಶಾಲೆಯ ಟೀಚರಮ್ಮನಿಗೆ ಹಾಗೇ ಅನ್ನುವುದು. ವರ್ಷದ ಹಿಂದೆ ಸ್ಕೂಟರಿನಿಂದ ಬಿದ್ದು ಅವರ ಸೊಂಟದ ಕೆಳಗಿನ ಬಲ ಹೋಗಿತ್ತು. ಗಾಲಿಕುರ್ಚಿಯಲ್ಲಿ ಕುಳಿತೇ ಬಾಗಿಲಿಗೆ ಬಂದು, ನನ್ನ ಚೀಲದಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿ, ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಹಂಚುವವರ ದನಿಯಲ್ಲಿ ಮಾತು ಶುರು ಮಾಡಿದರು.

“ಬೆಟಗೇರಿ ಬಡಿಗ್ಯಾರು ನೀವ ಏನ್ರಿ? ಬರ್ರಿ. ನೋಡ್ರಿ, ಒಂದ ವರ್ಷ ಆತು, ನನ್ನ ಸೀರಿ ನಮ್ಮವ್ವ ಆರಿಸಿ ಕೊಡ್ತಾಳ. ಆಕಿಗೆ ಹಸರ ಬಣ್ಣದ ಹುಚ್ಚು. ವಾರದಾಗ ನಾಕ ದಿನ ಹಸರ. ಇನ್ನ ಸಾಲಿ ಸುರು ಆಗ್ತೈತಿ, ನಾ ಮತ್ತ ಡ್ಯೂಟಿಗೆ ಹೊಂಟೇನಿ. ಮೊದಲನೇ ಸೋಮವಾರ ಉಡೂ ಸೀರಿ, ನಾನ ಕಪಾಟ ತಗದು, ನಾನ ಆರಿಸಿ ತಗೋಬೇಕು. ಅಷ್ಟ ಮಾಡಿಕೊಡ್ರಿ ನನಗ.”

“ಹಸರಿಗೆ ಏನಾಗೇತಿ?” ಎಂದು ಒಳಗಿನಿಂದ ಅವರ ತಾಯಿಯ ದನಿ ಬಂತು.

“ಏನೂ ಆಗಿಲ್ಲವ್ವಾ, ನನಗ ಆಗೇತಿ,” ಎಂದು ಅಕ್ಕೋರು ಕುರ್ಚಿ ತಿರುಗಿಸಿ ನನ್ನನ್ನು ಒಳಗೆ ಕರೆದೊಯ್ದರು.

ಕಪಾಟು ಎಂದರೆ ಮಲಗುವ ಕೋಣೆಯ ಗೋಡೆಯೊಳಗೆ ಮೂರಡಿ ಆಳಕ್ಕೆ ಬಿಟ್ಟ ಒಂದು ಹಳೆಯ ಜಾಗ. ಹಿಂದೆ ಅಲ್ಲಿ ಜೋಳದ ಚೀಲ ಪೇರಿಸುತ್ತಿದ್ದರಂತೆ. ಆರಡಿ ಚಿಲ್ಲರೆ ಅಗಲ, ಮೇಲೆ ಹೊಗೆ ಕುಡಿದು ಕಪ್ಪಾದ ತೊಲೆ. ಸಾಮಾನ್ಯ ಬಾಗಿಲು ಅಲ್ಲಿ ನಡೆಯುವಂತಿರಲಿಲ್ಲ. ಮಂಚಕ್ಕೂ ಗೋಡೆಗೂ ನಡುವೆ ಕುರ್ಚಿ ನಿಂತರೆ, ತೆರೆದ ಬಾಗಿಲು ಮೊಣಕಾಲಿಗೆ ಬಡಿಯುತ್ತದೆ. ಹಾಗಾಗಿ ಸರಿಯುವ ಬಾಗಿಲು. ಅದರಲ್ಲೂ ಕೆಳಗೆ ಗಾಲಿ ಓಡುವ ಪಟ್ಟಿಯೇ ಇಲ್ಲದ, ಪೂರ್ತಿ ಮೇಲಿನ ಪಟ್ಟಿಗೆ ತೂಗಾಡುವ ಬಾಗಿಲು. ನೆಲ ಸಪಾಟಾಗಿದ್ದರೆ ಕುರ್ಚಿ ನೇರ ಒಳಗೇ ಒಂದಡಿ ಹೋಗುತ್ತದೆ, ಹಿಂದಿನ ಸೀರೆಯೂ ಕೈಗೆ ಸಿಗುತ್ತದೆ. ಇಷ್ಟನ್ನು ಅಲ್ಲೇ ನಿಂತು ಯೋಚಿಸಿ, ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ಹಾಗೆ ಚಪ್ಪರಿಸಿಕೊಂಡಾಗಲೆಲ್ಲ ನನಗೆ ಏನಾದರೂ ಒಂದು ಕಾದಿರುತ್ತದೆ.

ಗೋಡೆಯಲ್ಲಿ ಚೌಕಟ್ಟು ಕೂಡಿಸಲು ಬಿಟ್ಟ ಜಾಗಕ್ಕೆ ನಾವು ಬಾಯಿ ಅನ್ನುತ್ತೇವೆ. ಬಾಯಿ ಅಳೆಯುವುದು ಒಮ್ಮೆ ಟೇಪು ಎಳೆದು ಮುಗಿಸುವ ಕೆಲಸವಲ್ಲ. ಮಣ್ಣಿನ ಗೋಡೆ ಬೇರೆ, ಎಲ್ಲಿ ಹೊಟ್ಟೆ ಬಿಟ್ಟಿದೆಯೋ ಎಲ್ಲಿ ಒಳಗೆ ಹೋಗಿದೆಯೋ ಕಣ್ಣಿಗೆ ಗೊತ್ತಾಗುವುದಿಲ್ಲ. ಅಗಲವನ್ನು ಮೂರು ಕಡೆ ಹಿಡಿದೆ: ಮೇಲೆ ಎಪ್ಪತ್ತೈದೂ ಕಾಲು ಇಂಚು, ನಡುವೆ ಎಪ್ಪತ್ನಾಲ್ಕೂವರೆ, ಕೆಳಗೆ ಎಪ್ಪತ್ತೈದು. ನಂಬಬೇಕಾದದ್ದು ಎಲ್ಲಕ್ಕಿಂತ ಸಣ್ಣದನ್ನು, ಯಾಕೆಂದರೆ ಚೌಕಟ್ಟು ಅದರೊಳಗಿಂದಲೇ ನುಸುಳಬೇಕು. ಎರಡೂ ಬದಿಗೆ ಒಂದೊಂದು ಇಂಚಿನ ಸಾಗವಾನಿ ಹಲಗೆ, ಹಲಗೆಯ ಹಿಂದೆ ಬೆಣೆ ಬಡಿಯಲು ಕಾಲು ಕಾಲು ಇಂಚು. ಕೊನೆಗೆ ಉಳಿಯುವುದು ಎಪ್ಪತ್ತೆರಡು. ಎರಡು ಬಾಗಿಲು ನಡುವೆ ಒಂದರ ಮೇಲೊಂದು ಒಂದೂವರೆ ಇಂಚು ಹಾಯದಿದ್ದರೆ ಸಂದಿಯಿಂದ ಕಪಾಟಿನ ಒಳಗೆಲ್ಲ ಕಾಣುತ್ತದೆ. ಹಾಗಾಗಿ ಒಂದೊಂದು ಬಾಗಿಲ ಅಗಲ ಮೂವತ್ತಾರೂ ಮುಕ್ಕಾಲು.

ಎತ್ತರಕ್ಕೆ ಬೇರೆಯೇ ತಾಪತ್ರಯ. ನೆಲಕ್ಕೆ ಇನ್ನೂ ಟೈಲ್ಸ್ ಹಾಕಿರಲಿಲ್ಲ. ಮನೆ ರಿಪೇರಿಗೆ ಹಿಡಿದಿದ್ದ ಗಾರೆಕೆಲಸದ ಗೌಂಡಿ, ಮುಗಿದ ನೆಲ ಎಲ್ಲಿಗೆ ಬರುತ್ತದೋ ಅಲ್ಲಿಂದ ಮೂರಡಿ ಮೇಲೆ ಗೋಡೆಯ ಸುತ್ತ ಕೆಂಪು ಗೆರೆ ಹೊಡೆದಿಟ್ಟಿದ್ದ. ಅದನ್ನೇ ಆಧಾರ ಮಾಡಿಕೊಂಡು ಮೇಲಕ್ಕೆ ಅಳೆದೆ. ತೊಲೆ ನಡುವೆ ಅರ್ಧ ಇಂಚು ಜೋತಿತ್ತು. ಅದರ ಕೆಳಗೆ ದಪ್ಪ ಹಲಗೆ ಬಿಗಿದು ಮಟ್ಟ ಮಾಡಿದರೆ ಏಳಡಿ, ಅಂದರೆ ಎಂಬತ್ನಾಲ್ಕು ಇಂಚು ನಿಲ್ಲುತ್ತದೆ. ಮೇಲೆ ಪಟ್ಟಿಗೂ ಗಾಲಿಗೂ ಒಂದೂವರೆ, ಕೆಳಗೆ ನೆಲ ಉಜ್ಜದಂತೆ ಅರ್ಧ ಕಳೆದರೆ ಬಾಗಿಲು ಎಂಬತ್ತೆರಡು ಇಂಚು.

ಎಲ್ಲ ಅಳತೆಯನ್ನೂ ಪೆನ್ಸಿಲಿನಿಂದ ಗೋಡೆಯ ಮೇಲೆ ಬರೆದೆ. ಕೆಳಗೆ ನೆಲ ಯಾಕೆ ಸಪಾಟಾಗಿರಬೇಕು ಎನ್ನುವುದನ್ನು ಮಾತ್ರ ಬರೆಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನನಗೆ ಗೊತ್ತಿತ್ತು, ಅಕ್ಕೋರಿಗೆ ಗೊತ್ತಿತ್ತು. ಆದರೆ ಟೈಲ್ಸಿನ ಧೂಳು ಮುಗಿಯುವವರೆಗೆ ಅಕ್ಕೋರು ಲಕ್ಷ್ಮೇಶ್ವರದ ತಂಗಿಯ ಮನೆಗೆ ಹೊರಟಿದ್ದರು. ಉಳಿದವರಿಗೆ ಹೇಳಿ ಹೋಗಬೇಕೆಂದು ನನಗೆ ಹೊಳೆಯಲೇ ಇಲ್ಲ.

ಗದಗಿನ ಮಗ್ಗುಲ ಬೆಟಗೇರಿಯಲ್ಲಿ ನನ್ನ ಅಂಗಡಿ ಮಗ್ಗದವರ ಓಣಿಯ ತುದಿಗಿದೆ. ಹತ್ತು ದಿನ ಆ ಎರಡು ಬಾಗಿಲ ಹಿಂದೆ ಬಿದ್ದೆ. ಭಾರವಿದ್ದರೆ ಬೆರಳಿಗೆ ಸರಿಯುವುದಿಲ್ಲ. ಆದ್ದರಿಂದ ಸುತ್ತ ತೆಳು ಚೌಕಟ್ಟು, ನಡುವೆ ಅಡ್ಡಪಟ್ಟಿ, ಎರಡೂ ಮೈಗೆ ತೆಳು ಪ್ಲೈವುಡ್, ಒಳಗೆಲ್ಲ ಪೊಳ್ಳು. ಅಂಗಡಿಯ ಜಂತಿಗೇ ಪಟ್ಟಿ ಬಿಗಿದು ಬಾಗಿಲು ತೂಗಿಬಿಟ್ಟು, ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಕರೆದು ಒಂದೊಂದು ಬೆರಳು ಹಚ್ಚಿಸಿದೆ. ಎದುರುಮನೆಯ ಅಜ್ಜಿ ಕಿರುಬೆರಳಿನಲ್ಲಿ ಸರಿಸಿ, “ಇದೇನ ಬಾಗಲಾನೋ ಪರದೇನೋ?” ಎಂದು ಕೇಳಿ ಹೋದಳು. ಆ ಮಾತು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಗುರುವಾರ ಸಣ್ಣ ಟೆಂಪೊದಲ್ಲಿ ಬಾಗಿಲು ಹೇರಿಕೊಂಡು ಹೊರಟೆವು. ಡಂಬಳ ದಾಟಿದ ಮೇಲೆ ಕಪ್ಪತಗುಡ್ಡದ ಕಡೆಯ ಗಾಳಿ ಹಿಡಿಯಿತು. ಗುಡ್ಡದ ಮೇಲಿನ ಗಾಳಿ ಕರೆಂಟಿನ ಫ್ಯಾನುಗಳೆಲ್ಲ ಗರಗರ ತಿರುಗುತ್ತಿದ್ದವು. ನಾನು ಹಿಂದೆ ನಿಂತು ಬಾಗಿಲು ಅಪ್ಪಿಕೊಂಡಿದ್ದೆ. ಟೆಂಪೊ ಮುಂಡರಗಿಗೆ ಹೋಗುತ್ತಿತ್ತು, ಬಾಗಿಲು ನನ್ನನ್ನು ವಾಪಸ್ ಗದಗಿಗೆ ಎಳೆಯುತ್ತಿತ್ತು. ಮನೆ ಮುಟ್ಟುವಾಗ ನನ್ನ ತಲೆಗೂದಲು, ಮೀಸೆ ಎಲ್ಲ ಕೆಂಪು ಮಣ್ಣಾಗಿ, ಬಾಗಿಲು ತೆರೆದ ಅಕ್ಕೋರ ತಾಯಿ, ಅವ್ವಾರು, ನನ್ನ ಗುರುತೇ ಹಿಡಿಯಲಿಲ್ಲ.

ಕೋಣೆಗೆ ಹೋದೆ. ಹೊಸ ಟೈಲ್ಸ್ ಥಳಥಳ ಹೊಳೆಯುತ್ತಿತ್ತು. ಬಾಯಿಯ ಕೆಳಗೆ, ಈ ಗೋಡೆಯಿಂದ ಆ ಗೋಡೆಯವರೆಗೆ, ಮೂರಿಂಚು ಎತ್ತರದ ಕಲ್ಲಿನ ಹೊಸ್ತಿಲು ಕೂತಿತ್ತು. ಅರಿಶಿಣ ಬಳಿದು, ಕುಂಕುಮ ಹಚ್ಚಿ, ಎರಡು ಹೂವನ್ನೂ ಇಟ್ಟಿದ್ದರು.

ನಾನು ಹಾಗೇ ಕುಕ್ಕರಿಸಿದೆ. ಎಂಬತ್ನಾಲ್ಕರಲ್ಲಿ ಮೂರು ಹೋದರೆ ಎಂಬತ್ತೊಂದು. ಬಾಗಿಲು ಎಂಬತ್ತೆರಡು. ಪಟ್ಟಿ, ಗಾಲಿಯ ಮಾತು ಬಿಡಿ, ಬರೀ ಬಾಗಿಲೇ ಒಳಗೆ ಹಿಡಿಸುವುದಿಲ್ಲ. ಕೊರೆದು ಸಣ್ಣದು ಮಾಡೋಣವೆಂದರೆ ಪೊಳ್ಳು ಬಾಗಿಲು. ಚೌಕಟ್ಟಿನ ಕೆಳಗಿನ ಅಡ್ಡಪಟ್ಟಿ ಇರುವುದೇ ಎರಡಿಂಚು, ಮೂರಿಂಚು ಕೊರೆದರೆ ಹೊಟ್ಟೆ ತೆರೆದುಕೊಳ್ಳುತ್ತದೆ. ಅದೂ ಹೋಗಲಿ, ಕುರ್ಚಿ ಒಳಗೆ ಹೋಗುವುದು ಹೇಗೆ?

“ಏ ಗೌಂಡಿ, ಇದೇನ ಮಾಡಿ ಇಟ್ಟೀಯೋ ಮಾರಾಯಾ?”

ಗೌಂಡಿ ಹೊರಗೆ ಗಾರೆ ಕಲಸುತ್ತಿದ್ದವನು ಕೈ ಒರೆಸಿಕೊಂಡು ಬಂದ. “ನನಗ್ಯಾಕ ಬೈತೀರಿ? ಹೊಂಬಳದ ಹಿರೇರು ಬಂದಿದ್ರು. ಬಾಗಲಕ್ಕ ಹೊಸ್ತಲಾ ಮರತೀಯಲ್ಲೋ ಅಂದ್ರು. ಕಲ್ಲೂ ಅವರ ತರಿಸಿದ್ರು. ನಾ ಕೂಡಿಸೇನಿ. ಎಷ್ಟ ಮಟ್ಟ ಐತಿ ನೋಡ್ರಿ ಬೇಕಾದ್ರ.”

ಮಟ್ಟ ನೋಡಿದೆ. ಹಾಳಾದ್ದು ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಇರಲಿಲ್ಲ.

ಹೊಂಬಳದ ಹಿರಿಯರೆಂದರೆ ಅಕ್ಕೋರ ದೊಡ್ಡಪ್ಪ. ತಂದೆ ತೀರಿಕೊಂಡ ಮೇಲೆ ಈ ಮನೆಯ ಹಿರಿತನ ಅವರದು. ಜೋಳ, ಶೇಂಗಾ ಬೆಳೆಯುವ ರೈತರು. ಅದರ ಜೊತೆಗೆ ಮನೆ ಕಟ್ಟುವವರಿಗೆ ಆಯ, ಅಂದರೆ ಅಳತೆಯ ಒಳಿತು ಕೆಡುಕು, ನೋಡಿ ಹೇಳುವವರು ಎಂದು ಸುತ್ತಲಿನ ಹಳ್ಳಿಗಳಲ್ಲಿ ಹೆಸರು. ಕಲ್ಲು ತೆಗೆಯೋಣ ಎಂದು ನಾನು ಹೇಳಿದ ತಕ್ಷಣ ಅವ್ವಾರು ಅಡ್ಡ ಬಂದರು.

“ಪೂಜಿ ಮಾಡಿದ ಹೊಸ್ತಲಾ ಕೀಳಬಾರದ್ರಿ ಬಡಿಗ್ಯಾರ. ಮಗಳಿಗೆ ಆಗಿದ್ದ ಸಾಕಾಗೇತಿ. ಇನ್ನೊಂದು ಕೆಡಕು ನಾ ತಡಕೊಳ್ಳಾಕ ಆಗೂದಿಲ್ಲ. ಕೇಳೂದಿದ್ರ ಭಾವಾರನ್ನ ಕೇಳ್ರಿ.” ಹೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಕಲ್ಲಿನಿಂದ ಹಿಂದೆ ಸರಿದೆ.

ಸಂಜೆ ಅಕ್ಕೋರು ಲಕ್ಷ್ಮೇಶ್ವರದಿಂದ ಬಂದರು. ಬಂದವರೇ, “ಬಾಗಲಾ ಬಂದೂವು?” ಎಂದು ಕೋಣೆಗೆ ಕುರ್ಚಿ ಓಡಿಸಿದರು. ಮುಂದಿನ ಸಣ್ಣ ಗಾಲಿಗಳು ಕಲ್ಲಿಗೆ ಠಕ್ಕೆಂದು ಬಡಿದು ನಿಂತವು. ಹಿಂದೆ ಸರಿದು ಇನ್ನೊಮ್ಮೆ ಬಂದರು. ಮತ್ತೆ ಠಕ್. ಕೈ ಚಾಚಿದರು. ಕಪಾಟಿನ ಹಿಂದಿನ ಗೋಡೆ ಎಲ್ಲೋ ದೂರ ಇತ್ತು. ಅವರ ಮುಖ ಬಾಡಿತು. ಕೆಲಸ ಕೆಟ್ಟದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

“ಹಂಗಾರ ಹಸರನ ಗತಿ,” ಎಂದರು, ನಗಲು ನೋಡುತ್ತ. ಆಮೇಲೆ, “ನಾಳೆ ದೊಡ್ಡಪ್ಪಗ ಬರಾಕ ಹೇಳ್ತೀನಿ. ನೀವು ಊರಿಗೆ ಹೋಗಬ್ಯಾಡ್ರಿ, ಇಲ್ಲೇ ಉಳೀರಿ,” ಎಂದು ಫೋನು ತೆಗೆದರು. ಸೋಮವಾರಕ್ಕೆ ಉಳಿದದ್ದು ಮೂರೇ ದಿನ.

ಶುಕ್ರವಾರ ಬೆಳಿಗ್ಗೆ ಹಿರಿಯರು ಬರುವವರೆಗೆ ಸುಮ್ಮನೆ ಕೂಡಲಾಗದೆ ಮೇಲಿನ ಕೆಲಸ ಹಿಡಿದೆ. ತೊಲೆಯ ಕೆಳಗೆ ದಪ್ಪ ಹಲಗೆ ಬಿಗಿದೆ. ಬದಿಯ ಹಲಗೆಗಳನ್ನು ಸದ್ಯಕ್ಕೆ ಬೆಣೆಯ ಮೇಲೆ ನಿಲ್ಲಿಸಿ ತೂಗುಗುಂಡು ಬಿಟ್ಟು ನೋಡಿದೆ. ಒಳಗೆ ಸೀರೆ ತೂಗುಹಾಕುವ ಉಕ್ಕಿನ ಕೋಲನ್ನೂ ಐದೂವರೆ ಅಡಿಗೆ ಕೂಡಿಸಿ, ಅವ್ವಾರಿಂದ ಒಂದು ಸೀರೆ ಇಸಿದುಕೊಂಡು ಅಂದಾಜಿಗೆ ತೂಗುಹಾಕಿದೆ. ಎಲ್ಲ ಕಡೆ ನಾನು ಹಾಕುವುದು ಐದೂವರೆಯೇ.

ಹತ್ತು ಗಂಟೆಗೆ ಹಿರಿಯರು ಬಂದರು. ಬಿಳಿ ಧೋತರ, ಹೆಗಲಿಗೆ ಟವೆಲು, ಕೈಯಲ್ಲಿ ಹಸಿ ಶೇಂಗಾದ ಚೀಲ. ಚೀಲ ಅವ್ವಾರಿಗೆ ಕೊಟ್ಟು, ನೇರ ಬಾಯಿಯ ಮುಂದೆ ಬಂದು ನಿಂತು, ನನ್ನ ಕೆಲಸವನ್ನು ಕೆಳಗಿಂದ ಮೇಲೆ ನೋಡಿದರು.

“ಹೊಸ್ತಲಾ ಬ್ಯಾಡ ಅಂದ್ಯಂತ. ಬಾಗಲಾ ಅಂದಮ್ಯಾಲ ಹೊಸ್ತಲಾ ಬೇಕೋ ಬ್ಯಾಡೋ?”

“ಇದು ಕಪಾಟ್ರಿ ಯಜಮಾನ್ರ.”

“ಮನಶ್ಯಾ ಒಳಗ ಹೊಕ್ಕು ಬರೂವಷ್ಟು ಐತಿ. ಇದು ಬಾಗಲಾ ಅಲ್ಲಂದ್ರ ಮತ್ತೇನು? ಹೊಸ್ತಲಾನ ಇಲ್ಲಂದ್ರ ಲಕ್ಷ್ಮಿ ಬಂದಾಕಿ ಎಲ್ಲಿ ಕುಂಡ್ರಬೇಕು?” ಅದರ ಬೆನ್ನಿಗೇ ಮುಂದಿನ ಪ್ರಶ್ನೆ ಬಂತು. “ಅದಿರಲಿ, ಬಾಯಿ ಯಾರ ಮೊಳದಾಗ ಅಳದಿ?”

“ಟೇಪಿನಾಗ ಅಳದೇನ್ರಿ.”

“ಟೇಪು ಯಾರದು?”

“ನಂದರಿ.”

“ಸೀರಿ ಉಡಾಂವ ನೀನೇನು?”

ಹಿಂದೆ ಅಕ್ಕೋರು ಕಿಸಕ್ಕನೆ ನಕ್ಕರು. ಗೌಂಡಿ ಗೋಡೆಯ ಕಡೆ ಮುಖ ತಿರುಗಿಸಿ ನಿಂತ, ಅವನ ಭುಜ ಕುಣಿಯುತ್ತಿತ್ತು. ನನಗೆ ಸಿಟ್ಟೂ ಬಂತು, ನಗೆಯೂ ಬಂತು.

ಹಿರಿಯರ ಶಾಸ್ತ್ರ ಹೀಗಿತ್ತು. ಅಳತೆ ಮನೆಯ ಒಡೆಯರ ಮೈಯಿಂದ ಬರಬೇಕು. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ; ಆ ಮೊಳದಲ್ಲಿ ಅಳೆದು, ಲೆಕ್ಕ ಹಾಕಿ, ಎಂಟರಿಂದ ಭಾಗಿಸಿದಾಗ ಉಳಿದದ್ದು ಬೆಸವಾಗಿದ್ದರೆ ಆಯ ಒಳ್ಳೆಯದು, ಸಮವಾಗಿದ್ದರೆ ಕೆಟ್ಟದ್ದು. ಈ ಕಪಾಟಿನ ಒಡತಿ ಅಕ್ಕೋರು. ಅವರ ಕೈಯನ್ನು ಕುರ್ಚಿಯ ತೋಳಿನ ಮೇಲೆ ಇಡಿಸಿ, ದಾರ ಹಿಡಿದು, ಅಷ್ಟುದ್ದದ ಬಿದಿರುಕೋಲು ಕತ್ತರಿಸಿಕೊಡು ಎಂದು ನನಗೇ ಹೇಳಿದರು. ಕತ್ತರಿಸಿಕೊಟ್ಟೆ. ಬಾಯಿ ಅಳೆದರು, ಬೆರಳು ಮಡಚಿ ಎಣಿಸಿದರು, ತಲೆ ಅಲ್ಲಾಡಿಸಿದರು.

“ಒಂದ ಬೆರಳು ಅಗಲ ಜಾಸ್ತಿ ಆಗೇತಿ. ಆಗೂದಿಲ್ಲ ಇದು.”

“ಒಂದ ಬೆರಳಂದ್ರ ಮುಕ್ಕಾಲ ಇಂಚು,” ಎಂದೆ. “ಬೆಣಿ ದಪ್ಪ ಹಾಕ್ತೀನಿ, ಆಕಡೆ ಅರ್ಧ ಬೆರಳು ಈಕಡೆ ಅರ್ಧ ಬೆರಳು ಒಳಗ ಬರ್ತೈತಿ. ಬಾಗಲಾ ಕೊರಿಯೂದ ಬ್ಯಾಡ. ಸರಿಯೂ ಬಾಗಲಾ ಅಲ್ಲೇನ್ರಿ, ಒಂದರ ಮ್ಯಾಲೊಂದು ಇನ್ನೊಂಚೂರು ಹಾಯ್ತಾವು, ಅಷ್ಟ.”

ಹಿರಿಯರು ಜಗಳಕ್ಕೆ ಸಿದ್ಧವಾಗಿ ಬಂದಿದ್ದರು. ನಾನು ಇಷ್ಟು ಜಲ್ದಿ ಒಪ್ಪಿದ್ದು ನೋಡಿ ಅವರ ಮುಖ ಸಡಿಲಾಯಿತು. “ಚಲೋ ಬಾಗಲಾ ಐತಲ್ಲೋ ಇದು. ಹೇಳಿದಂಗ ಕೇಳ್ತೈತಿ.”

ಸಮಯ ನೋಡಿ ನಾನು ಬಾಯಿ ಬಿಟ್ಟೆ. “ಯಜಮಾನ್ರ, ನಿಮ್ಮ ಮಾತು ನಾ ಕೇಳಿದೆ. ನಂದೊಂದು ಮಾತು ನೀವು ಕೇಳ್ರಿ. ಅಕ್ಕೋರ ಕುರ್ಚಿ ಮ್ಯಾಲ ಕುಂತು, ಅಲ್ಲಿ ತೂಗಹಾಕಿದ ಸೀರಿ ತಗದು ತೋರಸ್ರಿ.”

“ಅದೇನ ದೊಡ್ಡ ಕೆಲಸೇನು?”

ಅವ್ವಾರು, ನಾನು ಸೇರಿ ಅಕ್ಕೋರನ್ನು ಮಂಚದ ಮೇಲೆ ಕೂಡಿಸಿದೆವು. ಹಿರಿಯರು ಧೋತರ ಎತ್ತಿ ಕಟ್ಟಿ ಕುರ್ಚಿಯಲ್ಲಿ ಕುಳಿತರು. ನಡೆಸಲು ಗೊತ್ತಿಲ್ಲದೆ ಮೊದಲು ಮಂಚಕ್ಕೆ ಗುದ್ದಿದರು. “ದೊಡ್ಡಪ್ಪಾ, ಬಲಗಡೆ ಗಾಲಿ ಹಿಡೀರಿ. ಬಲಗಡೆ,” ಎಂದು ಅಕ್ಕೋರು ಮಂಚದಿಂದಲೇ ಪಾಠ ಹೇಳಿದರು. ಕುರ್ಚಿ ತಿರುಗಿ, ಮುಂದೆ ಹೋಗಿ, ಕಲ್ಲಿಗೆ ಠಕ್ಕೆಂದಿತು. ಕೈ ಚಾಚಿದರು. ಸೀರೆಗೂ ಕೈಗೂ ನಡುವೆ ಒಂದು ಗೇಣು ಉಳಿಯಿತು. ಮುಂದೆ ಬಾಗಿದರು, ಇನ್ನೂ ನಾಲ್ಕು ಬೆರಳು. ಎದ್ದು ನಿಲ್ಲಲು ಹೊರಟಾಗ ಅಕ್ಕೋರು ಮೆಲ್ಲಗೆ, “ಏಳೂಹಂಗಿಲ್ಲ, ದೊಡ್ಡಪ್ಪಾ,” ಎಂದರು.

ಹಿರಿಯರು ಹಾಗೇ ಕುಳಿತರು. ಆಮೇಲೆ ತಲೆ ಎತ್ತಿ, ಮೇಲಿನ ಉಕ್ಕಿನ ಕೋಲನ್ನು ನೋಡಿ, ನನ್ನ ಕಡೆ ತಿರುಗಿದರು. “ಕಲ್ಲಿಂದು ನನ್ನ ತಪ್ಪು, ಖರೆ. ಆದ್ರ ಕಲ್ಲ ಇಲ್ಲಂತ ಇಟಗೋ. ಈ ಕೋಲ ನನ್ನ ಕೈಗೆ ಎಟಕ್ತೈತೇನು? ನಾನು ಆಕಿಗಿಂತ ಉದ್ದ ಅದೀನಿ. ಇದು ಯಾರ ತಪ್ಪು?”

ನಾನು ಟೇಪು ಮಡಚಿ ಕಿಸೆಗೆ ಹಾಕಿದೆ. ಎಲ್ಲ ಕಡೆ ಐದೂವರೆ ಅಡಿ ಹಾಕಿದ ಕೈ ಇಲ್ಲಿಯೂ ಯೋಚನೆ ಇಲ್ಲದೆ ಐದೂವರೆ ಹಾಕಿತ್ತು. ನಿಂತವರ ಅಳತೆ ಅದು. ಕುರ್ಚಿ ಒಳಗೆ ಹೋಗಲೆಂದು ಹತ್ತು ದಿನ ಒದ್ದಾಡಿದವನು, ಒಳಗೆ ಹೋದ ಮೇಲೆ ಕೈ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಿರಲಿಲ್ಲ. “ನಂದ ತಪ್ಪರಿ,” ಎಂದೆ.

“ಆತು, ಇಬ್ಬರೂ ಫೇಲ್,” ಎಂದರು ಅಕ್ಕೋರು. “ಈಗ ಪಾಸ್ ಆಗೂದು ಹೆಂಗ ಹೇಳ್ರಿ.”

ಕಲ್ಲು ಕೀಳುವ ಹಾಗಿಲ್ಲ, ಇಡುವ ಹಾಗೂ ಇಲ್ಲ. ಕೆಳಗೆ ಕುಳಿತು ಕಲ್ಲನ್ನೇ ನೋಡುತ್ತಿದ್ದಾಗ ನನಗೆ ಅದು ಹೊಳೆಯಿತು. ಹೊಸ್ತಿಲು ಇರಬೇಕು ಅಂದರು. ಎತ್ತರ ಇರಬೇಕು ಎಂದು ಯಾರೂ ಅಂದಿಲ್ಲ. “ಯಜಮಾನ್ರ, ಕಲ್ಲ ಇಲ್ಲೇ ಇರಲಿ. ಒಡಿಯೂದೂ ಬ್ಯಾಡ, ಒಗಿಯೂದೂ ಬ್ಯಾಡ. ಇದ ಜಾಗಾದಾಗ ಮೂರಿಂಚು ಕೆಳಗ ಇಳಸ್ತೀವಿ. ಕಲ್ಲಿನ ಮೈ ಟೈಲ್ಸಿನ ಮಟ್ಟಕ್ಕ ಬರ್ತೈತಿ. ಹೊಸ್ತಲಾನೂ ಇರ್ತೈತಿ, ಗಾಲಿನೂ ಹೋಗ್ತೈತಿ.”

ಗೌಂಡಿ ಹೌದೆಂದು ತಲೆ ಆಡಿಸಿದ. ಹಿರಿಯರು ಗದ್ದ ತುರಿಸಿಕೊಂಡರು. “ಕೂಡಿಸಬಹುದು. ಆದ್ರ ಮಟ್ಟಕ್ಕ ಇದ್ರ ಅದರ ಮ್ಯಾಲ ಹಾದುಹೋಗೂದ ಆತಲ್ಲ. ಹೊಸ್ತಲಾ ತುಳಿಬಾರದು. ಅದ ನನಗ ಮನಸಿಗೆ ಬರವಲ್ದು.”

“ನಾ ಎಲ್ಲಿ ತುಳೀತೀನಿ ದೊಡ್ಡಪ್ಪಾ?” ಎಂದರು ಅಕ್ಕೋರು. “ನನ್ನ ಕಾಲು ನೆಲಕ್ಕ ಹತ್ತೂದ ಇಲ್ಲಲ್ಲ.”

ಅವ್ವಾರು ಸೆರಗು ಬಾಯಿಗೆ ಒತ್ತಿಕೊಂಡರು. ಗೌಂಡಿ ಕೈಯಲ್ಲಿದ್ದ ಕರಣಿಯನ್ನು ನೋಡುತ್ತ ನಿಂತ. ಅಕ್ಕೋರು ಒಬ್ಬೊಬ್ಬರ ಮುಖ ನೋಡಿ, “ಯಾಕ, ತಪ್ಪ ಹೇಳಿದ್ನೇನು? ಊರಾಗ ಹೊಸ್ತಲಾ ತುಳೀದಾಕಿ ನಾನೊಬ್ಬಾಕೀನ ನೋಡ್ರಿ,” ಎಂದು ತಾವೇ ಮೊದಲು ನಕ್ಕುಬಿಟ್ಟರು. ಹಿರಿಯರೂ ನಕ್ಕರು, ನಗುತ್ತ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಕುರ್ಚಿಯ ತೋಳಿಗೆ ಕೈ ಊರಿ ಎದ್ದು, “ಹಾರಿ ತಗೊಂಬಾರೋ ಗೌಂಡಿ,” ಎಂದರು.

ಹಾರೆ ಹಚ್ಚುವ ಮೊದಲು ಅವ್ವಾರು ಕಲ್ಲಿಗೆ ನೀರು ಹಾಕಿ ಕೈಮುಗಿದರು. ಕಲ್ಲು ಎದ್ದಿತು, ಅಂಚು ಒಡೆಯಲಿಲ್ಲ. ಅದನ್ನು ಮಣೆಯ ಮೇಲೆ ಇಡಿಸಿ, ಹಿರಿಯರೇ ಪಕ್ಕಕ್ಕೆ ಕಾವಲು ಕೂತರು. ಕಲ್ಲಿನ ಅಗಲಕ್ಕೆ ಟೈಲ್ಸ್ ಕೊರೆದೆವು. ಕೊರೆಯುವ ಯಂತ್ರದ ಧೂಳಿಗೆ ನಾನು, ಗೌಂಡಿ ಇಬ್ಬರೂ ಹಿಟ್ಟಿನ ಗಿರಣಿಯವರಂತಾದೆವು. ಕೆಳಗೆ ಹಳೆಯ ಹಾಸುಗಲ್ಲು ಅಡ್ಡ ಬಂತು. ಅದನ್ನು ಉಳಿಯಿಂದ ಒಂದೊಂದು ಚಕ್ಕೆ ಎಬ್ಬಿಸುತ್ತ ಮೂರಿಂಚು ಕಲ್ಲಿಗೆ, ಮುಕ್ಕಾಲು ಇಂಚು ಗಾರೆಗೆ ಜಾಗ ಮಾಡುವಷ್ಟರಲ್ಲಿ ಶನಿವಾರ ಮಧ್ಯಾಹ್ನವಾಯಿತು. ಗೌಂಡಿ ಗಾರೆ ಹಾಸಿ ಕಲ್ಲು ಇಳಿಸಿದ, ಮರದ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದ. ಹಿರಿಯರು ಬಗ್ಗಿ, ಕಲ್ಲಿನಿಂದ ಟೈಲ್ಸಿಗೆ ಉಗುರು ಎಳೆದು ನೋಡಿದರು. “ಇಲ್ಲಿ ಉಗರ ತಡೀತು,” ಎಂದರು. ಮತ್ತೆ ತಟ್ಟಿದ. ಮೂರನೇ ಸಲಕ್ಕೆ ಉಗುರು ತಡೆಯದೆ ಹೋಯಿತು. ಅವ್ವಾರು ಅರಿಶಿಣ ಹಚ್ಚಲು ಬಂದರೆ ಗೌಂಡಿ, “ಗಾರಿ ಒಣಗಲ್ರಿ ಅವ್ವಾರ, ನಾಳೆ ಹಚ್ರಿ,” ಎಂದು ಕೈಮುಗಿದ.

ಭಾನುವಾರ ಬೆಳಿಗ್ಗೆ ಬದಿಯ ಹಲಗೆಗೆ ದಪ್ಪ ಬೆಣೆ ಬಡಿದು ಹಿರಿಯರಿಗೆ ಒಂದು ಬೆರಳು ಕೊಟ್ಟೆ. ಅವರು ಬಿದಿರುಕೋಲು ಹಿಡಿದು ಅಳೆದು, ಎಣಿಸಿ, “ಈಗ ಖರೆ ಬಂತು,” ಎಂದರು. ಪಟ್ಟಿ ಬಿಗಿದು ಬಾಗಿಲು ತೂಗಿಬಿಟ್ಟೆ. ಕೈ ಬಿಟ್ಟದ್ದೇ ತಡ, ಮುಂದಿನ ಬಾಗಿಲು ತನ್ನಷ್ಟಕ್ಕೆ ತಾನೇ ಸರಸರ ಎಡಕ್ಕೆ ಹೋಗಿ ಗೋಡೆಗೆ ಬಡಿಯಿತು. ಬಲಕ್ಕೆ ತಂದು ಬಿಟ್ಟೆ, ಮತ್ತೆ ಹೋಯಿತು.

“ಒಂದ ಬೆರಳು ಅಂದಿದ್ದೆ,” ಎಂದರು ಅಕ್ಕೋರು. “ಇದಕ್ಕ ಬೆರಳೂ ಬ್ಯಾಡಾಗೇತಿ.”

ಪಟ್ಟಿ ಓರೆಯಾಗಿತ್ತು. ಮಟ್ಟ ನೋಡಿದ್ದು ನಾನೇ, ನೀರಿನ ಪೈಪು ಹಿಡಿದು. ಪೈಪನ್ನು ಬೆಳಕಿಗೆ ಎತ್ತಿ ನೋಡಿದರೆ ನಡುವೆ ಕಡಲೆಕಾಳಿನಷ್ಟು ಗಾಳಿಗುಳ್ಳೆ. ಗುಳ್ಳೆ ಇದ್ದರೆ ಎರಡೂ ತುದಿಯ ನೀರು ಸುಳ್ಳು ಹೇಳುತ್ತದೆ. ಇದು ಕೆಲಸ ಕಲಿತ ಮೊದಲ ವಾರ ಹೇಳಿಕೊಡುವ ಮಾತು. ಮುಖ ಮುಚ್ಚಿಕೊಳ್ಳಬೇಕೆನಿಸಿತು. ನೀರು ಚೆಲ್ಲಿ, ಹೊಸದಾಗಿ ತುಂಬಿ ನೋಡಿದೆ. ಎಡತುದಿ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಕೆಳಗಿತ್ತು. ಬೋಲ್ಟು ಸಡಿಲಿಸಿ ಬಲತುದಿಯಲ್ಲಿ ಪಟ್ಟಿಗೂ ಮೇಲಿನ ಹಲಗೆಗೂ ನಡುವೆ ತೆಳು ತಗಡಿನ ತುಂಡು ತುರುಕಿ ಅದನ್ನೂ ಅಷ್ಟೇ ಇಳಿಸಿ ಬಿಗಿದೆ. ಈ ಸಲ ಬಾಗಿಲು ಬಿಟ್ಟಲ್ಲೇ ನಿಂತಿತು.

ಹಿಡಿಕೆಗೆ ಮಾತ್ರ ಟೇಪು ತೆಗೆಯಲಿಲ್ಲ. ಅಕ್ಕೋರನ್ನು ಕುರ್ಚಿಯಲ್ಲಿ ಬಾಗಿಲ ಮುಂದೆ ನಿಲ್ಲಿಸಿ, ಕಣ್ಣು ಮುಚ್ಚಿ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಬೆರಳಿಡಿ ಎಂದೆ. ಅಲ್ಲೇ ಪೆನ್ಸಿಲ್ ಗುರುತು ಹಾಕಿ ಕೊರೆದೆ. ಆಮೇಲೆ ಬಾಗಿಲು ಸರಿಸಿ, ಕುರ್ಚಿ ಒಳಗೆ ಹೋಗಲಿ ಎಂದೆ. ಗಾಲಿಗಳು ಹೊಸ್ತಿಲ ಮೇಲೆ ಸದ್ದಿಲ್ಲದೆ ಹಾದವು. ಹಿರಿಯರು ಬಿದಿರುಕೋಲನ್ನು ಅವರ ಭುಜದಿಂದ ಮೇಲಕ್ಕೆ ಹಿಡಿದು, “ಇಲ್ಲಿಗೆ ಹಾಕು ಕೋಲು. ಒಂದ ಮೊಳಕ್ಕಿಂತ ಮ್ಯಾಲ ಬ್ಯಾಡ,” ಎಂದು ಹೇಳಿದರು. ಉಕ್ಕಿನ ಕೋಲು ಒಂದೂಕಾಲು ಅಡಿ ಕೆಳಗೆ ಬಂತು. ಮೇಲೆ ಉಳಿದ ಜಾಗಕ್ಕೆ ಒಂದು ಹಲಗೆ ಹಾಕಿ, ಅವ್ವಾರ ಪಾತ್ರೆ ಪಡಗಕ್ಕೆ ಬಿಟ್ಟೆ.

ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ ಉಂಡು, ಸೀರೆಗಳನ್ನೆಲ್ಲ ತೂಗುಹಾಕಿ ಕೊಟ್ಟ ಮೇಲೆ ಅಕ್ಕೋರು ನಮ್ಮೆಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿದರು. “ಯಾರೂ ಒಳಗ ಬರಬ್ಯಾಡ್ರಿ. ನೀನೂ ಬರಬ್ಯಾಡವ್ವಾ,” ಎಂದು ಕೋಣೆಯ ಬಾಗಿಲು ಹಾಕಿಕೊಂಡರು.

ನಾವು ಪಡಸಾಲೆಯಲ್ಲಿ ಚಹಾ ಹಿಡಿದು ಕೂತೆವು. ನನ್ನ ಚೀಲ ಕಟ್ಟಿಯಾಗಿತ್ತು, ಐದು ಗಂಟೆಯ ಗದಗ ಬಸ್ಸಿಗೆ ಹೋಗಬೇಕಿತ್ತು. ಆದರೂ ಏಳಲು ಮನಸ್ಸಾಗಲಿಲ್ಲ. ಒಳಗೆ ಬಾಗಿಲು ಎಡಕ್ಕೆ ಸರಿದ ಸದ್ದು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಬಲಕ್ಕೆ. ಮತ್ತೆ ಎಡಕ್ಕೆ. ಹಿರಿಯರು ಪ್ರತಿ ಸಲವೂ ಒಂದೊಂದು ಬೆರಳು ಮಡಚುತ್ತಿದ್ದರು. “ಬ್ಯಾರೆ ಬಣ್ಣದ ಸೀರಿ ಎಲ್ಲ ಬಲಕ್ಕ ಅದಾವು. ಅರಿಶಿಣ ಬಣ್ಣದ್ದ ತಗೋತಾಳ ನೋಡ್ರಿ, ಅದರ ಮ್ಯಾಲ ಮೊದಲಿಂದ ಜೀವ ಆಕಿಗೆ,” ಎಂದರು ಅವ್ವಾರು. ದನಿಯಲ್ಲಿ ಸ್ವಲ್ಪ ಮುನಿಸಿತ್ತು. ಚಹಾ ಆರಿತು. ಹಿರಿಯರ ಒಂದು ಕೈ ಪೂರ್ತಿ ಮಡಚಿ ಇನ್ನೊಂದು ಶುರುವಾಯಿತು.

ಕೊನೆಗೆ ಕೋಣೆಯ ಬಾಗಿಲು ತೆರೆಯಿತು. ಅಕ್ಕೋರು ತೊಡೆಯ ಮೇಲೆ ಸೀರೆ ಇಟ್ಟುಕೊಂಡು ಕುರ್ಚಿ ನಡೆಸುತ್ತ ಬಂದರು. ಹಸಿರು ಸೀರೆ.

“ಹಸರನ ತಗೊಂಡ್ಯಾ?” ಎಂದರು ಹಿರಿಯರು. “ಮೂರ ದಿನ ನೆಲ ಅಗದೀವಿ ನಾವು. ಹಸರನ ಬೇಕಾಗಿದ್ರ ನಿಮ್ಮವ್ವ ಕೊಡತಿದ್ಲಲ್ಲ.”

“ಕೊಡತಿದ್ಲು ದೊಡ್ಡಪ್ಪಾ,” ಎಂದರು ಅಕ್ಕೋರು. “ಎಲ್ಲಾ ನೋಡಿದೆ. ಒಂದೊಂದ ಮುಟ್ಟಿ ನೋಡಿದೆ. ಆಮ್ಯಾಲ ಇದನ್ನ ನಾ ತಗೊಂಡೆ.”

ಅವ್ವಾರು ಮಗಳ ತೊಡೆಯ ಮೇಲಿನ ಸೀರೆಯ ಮೇಲೆ ಒಮ್ಮೆ ಕೈಯಾಡಿಸಿ, ಎದ್ದು ಹೋಗಿ ಇಸ್ತ್ರಿ ಪೆಟ್ಟಿಗೆ ಬಿಸಿಗೆ ಹಚ್ಚಿದರು.